ಟಿಕೆಟ್ ಫ್ರೀ ಸರಿ, ಬಸ್ ಎಷ್ಟು ಹೊತ್ತಿಗೆ?

2025ರ ಜುಲೈ 14ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಬೆಂಗಳೂರಿನಲ್ಲಿ ಬಸ್ ಹತ್ತಿ ಮಹಿಳಾ ಪ್ರಯಾಣಿಕರ ಕೈಗೆ ಟಿಕೆಟ್ ಕೊಟ್ಟರು. ಮಹಿಳೆಯರಿಗೆ ಬಸ್ ಉಚಿತ ಮಾಡಿದ ಶಕ್ತಿ ಯೋಜನೆಯಲ್ಲಿ ಪ್ರಯಾಣಗಳ ಸಂಖ್ಯೆ 500 ಕೋಟಿ ಮುಟ್ಟಿದ ಸಂಭ್ರಮ ಅದು. ಮೂರು ವಾರ ಕಳೆಯಿತು. ಆಗಸ್ಟ್ 5ರಂದು ಅದೇ ಬಸ್‌ಗಳ ನೌಕರರು 38 ತಿಂಗಳ ವೇತನ ಹಿಂಬಾಕಿ ಕೊಡಿ ಎಂದು ಮುಷ್ಕರಕ್ಕೆ ಇಳಿದರು. ಹೈಕೋರ್ಟ್ ಗರಂ ಆದ ಮೇಲೆ ಕೆಲಸಕ್ಕೆ ಮರಳಿದರು. ಮತ್ತೈದು ದಿನಕ್ಕೆ ಪ್ರಧಾನಿ ನರೇಂದ್ರ ಮೋದಿ ಬಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ತನಕದ ಹಳದಿ ಮೆಟ್ರೊ ಮಾರ್ಗ ಉದ್ಘಾಟಿಸಿದರು. ಆ ಮೆಟ್ರೊದ ಟಿಕೆಟ್ ದರ ಅದೇ ವರ್ಷದ ಫೆಬ್ರುವರಿಯಲ್ಲಿ ಏರಿತ್ತು.

ನಾಲ್ಕು ವಾರದಲ್ಲಿ ಬಂದ ಈ ಮೂರು ಸುದ್ದಿ ಒಟ್ಟಿಗೆ ಓದಿದರೆ ತಲೆ ಕೆಡುತ್ತದೆ. ಒಂದು ಕಡೆ ಟಿಕೆಟ್ಟೇ ಬೇಡ ಅನ್ನುತ್ತಾರೆ. ಇನ್ನೊಂದು ಕಡೆ 90 ರೂಪಾಯಿ ತನಕ ಕೇಳುತ್ತಾರೆ. ನಡುವೆ ಬಸ್ ಓಡಿಸುವವರಿಗೇ ಸಂಬಳ ಬಾಕಿ. ಹಾಗಾದರೆ ಬಸ್ಸು, ರೈಲು ಎಂದರೆ ಸರ್ಕಾರ ಕೊಡಬೇಕಾದ ಸೌಲಭ್ಯವಾ, ಇಲ್ಲಾ ಲಾಭ ನಷ್ಟ ನೋಡಬೇಕಾದ ವ್ಯಾಪಾರವಾ?

ಪಕ್ಷಗಳ ಜಗಳ ಈ ಪ್ರಶ್ನೆಯ ಸುತ್ತಲೇ ಗಿರಕಿ ಹೊಡೆಯುತ್ತಿದೆ. ಆದರೆ ಸಾರಿಗೆಗೂ ಬಡತನಕ್ಕೂ ಇರುವ ನಂಟಿನ ಬಗ್ಗೆ ಸುಮಾರು 60 ವರ್ಷಗಳಿಂದ ಸಂಶೋಧನೆ ನಡೆದಿದೆ. ಅದು ಕೇಳುವ ಪ್ರಶ್ನೆಯೇ ಬೇರೆ. ಎಷ್ಟು ಜನ ಬಸ್ ಹತ್ತಿದರು ಎನ್ನುವುದಕ್ಕಿಂತ, ಯಾರಿಗೆ ಎಲ್ಲಿಗೆ ಹೋಗಲು ಆಗಲಿಲ್ಲ, ಹೋಗಲಾಗದೆ ಏನು ಕಳೆದುಕೊಂಡರು ಎಂದು ಅದು ಕೇಳುತ್ತದೆ. ಆ ಕಡೆಯಿಂದ ನೋಡಿದರೆ ನಮ್ಮ ಚರ್ಚೆಯ ಅರ್ಧ ಗೊಂದಲ ಬಿಡಿಸಿಕೊಳ್ಳುತ್ತದೆ. ಉಳಿದರ್ಧ ಇನ್ನೂ ಗಂಟಾಗುತ್ತದೆ, ಅದೂ ನಿಜ.

ಬಸ್ಸಿಗೊಂದು ನ್ಯಾಯ, ಮೆಟ್ರೊಗೊಂದು ನ್ಯಾಯ

ಮೊದಲು ದರದ ವಿಷಯ. ಬಸ್ ದರ ರಾಜ್ಯ ಸರ್ಕಾರದ ಕೈಯಲ್ಲಿದೆ. ಸಚಿವ ಸಂಪುಟ ಒಪ್ಪಿದರೆ ಏರುತ್ತದೆ, ಒಪ್ಪದಿದ್ದರೆ ವರ್ಷಗಟ್ಟಲೆ ಹಾಗೇ ಇರುತ್ತದೆ. ಚುನಾವಣೆ ಹತ್ತಿರವಿದ್ದರೆ ಯಾರೂ ಮುಟ್ಟುವುದಿಲ್ಲ. ಹಾಗೆ ತಡೆದು ತಡೆದು ಕೊನೆಗೆ 2025ರ ಜನವರಿ 5ರಿಂದ ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳಲ್ಲಿ ಶೇ 15ರಷ್ಟು ಏರಿಸಿದರು. ಮಹಿಳೆಯರಿಗೆ ಇದರ ಬಿಸಿ ನೇರವಾಗಿ ತಟ್ಟಲಿಲ್ಲ. ಗಂಡಸರಿಗೆ ತಟ್ಟಿತು. ಜೊತೆಗೆ ಮಹಿಳೆಯರ ಟಿಕೆಟ್ ಹಣ ತುಂಬಿಕೊಡಬೇಕಾದ ಸರ್ಕಾರದ ಬೊಕ್ಕಸಕ್ಕೂ ತಟ್ಟಿತು.

ಮೆಟ್ರೊದ್ದು ಬೇರೆ ದಾರಿ. ಅದು 2002ರ ಮೆಟ್ರೊ ರೈಲು ಕಾಯ್ದೆಯ ಅಡಿ ಬರುತ್ತದೆ. ದರ ಪರಿಷ್ಕರಿಸಬೇಕಾದರೆ ಕೇಂದ್ರ ಸರ್ಕಾರ ಹೈಕೋರ್ಟ್ ನ್ಯಾಯಮೂರ್ತಿ ಅಥವಾ ನಿವೃತ್ತ ನ್ಯಾಯಮೂರ್ತಿಯ ಅಧ್ಯಕ್ಷತೆಯಲ್ಲಿ ಸಮಿತಿ ಮಾಡುತ್ತದೆ. ಅದರ ಶಿಫಾರಸು ಮೆಟ್ರೊ ನಿಗಮವನ್ನು ಕಟ್ಟಿಹಾಕುತ್ತದೆ. ನಮ್ಮ ಮೆಟ್ರೊದಲ್ಲಿ 2017ರ ನಂತರ ದರ ಏರಿರಲಿಲ್ಲ. ಸಾಲದ ಕಂತು, ಕರೆಂಟ್ ಬಿಲ್, ಸಂಬಳ ಎಲ್ಲವನ್ನೂ ತೋರಿಸಿ ನಿಗಮ ಏರಿಕೆ ಕೇಳಿತು. 2025ರ ಫೆಬ್ರುವರಿ 9ರಿಂದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಹೋಯಿತು. ಕೆಲವು ನಿಲ್ದಾಣಗಳ ನಡುವೆ ಟಿಕೆಟ್ ದುಪ್ಪಟ್ಟಾಯಿತು. ಗಲಾಟೆ ಎದ್ದ ಮೇಲೆ ಐದೇ ದಿನಕ್ಕೆ ಅಲ್ಲಲ್ಲಿ ಸ್ವಲ್ಪ ಇಳಿಸಿದರು. ಕೇಂದ್ರದ್ದು ತಪ್ಪು ಅಂತ ರಾಜ್ಯ, ರಾಜ್ಯದ್ದು ತಪ್ಪು ಅಂತ ಕೇಂದ್ರ. ಮೆಟ್ರೊ ನಿಗಮದಲ್ಲಿ ಇಬ್ಬರದ್ದೂ ಸಮಪಾಲು ಇದೆ ಎನ್ನುವುದನ್ನು ಇಬ್ಬರೂ ಮೆಲ್ಲಗೆ ಮರೆತರು.

ಬಡವರು ಯಾರು, ಅವರ ಕೈಗೆ ಎಷ್ಟು ಎಟುಕುತ್ತದೆ ಎನ್ನುವ ಪ್ರಶ್ನೆಗೆ ಈ ಎರಡೂ ದಾರಿಯಲ್ಲಿ ಸರಿಯಾದ ಜಾಗವಿಲ್ಲ. ಬಸ್ಸಿನಲ್ಲಿ ರಾಜಕೀಯದ ಲೆಕ್ಕ, ಮೆಟ್ರೊದಲ್ಲಿ ಸಾಲದ ಲೆಕ್ಕ.

ಗಲಭೆಯಿಂದ ಹುಟ್ಟಿದ ಪ್ರಶ್ನೆ

1965ರ ಆಗಸ್ಟ್‌ನಲ್ಲಿ ಅಮೆರಿಕದ ಲಾಸ್ ಏಂಜಲೀಸ್ ನಗರದ ವಾಟ್ಸ್ ಎಂಬ ಕಪ್ಪು ಜನರ ಬಡಾವಣೆಯಲ್ಲಿ ದೊಡ್ಡ ಗಲಭೆಯಾಯಿತು. 34 ಜನ ಸತ್ತರು. ಕಾರಣ ಹುಡುಕಲು ಕೂತ ಮೆಕೋನ್ ಆಯೋಗ ಪೊಲೀಸರು, ಶಾಲೆ, ನಿರುದ್ಯೋಗ ಎಲ್ಲದರ ಜೊತೆಗೆ ಯಾರೂ ಅಷ್ಟಾಗಿ ಯೋಚಿಸದ ಒಂದು ವಿಷಯವನ್ನೂ ಬರೆಯಿತು. ಅದು ಬಸ್. ಸರಿಯಾದ, ಕೈಗೆಟುಕುವ ಬಸ್ ಇಲ್ಲದ್ದರಿಂದ ಅಲ್ಲಿನವರಿಗೆ ಕೆಲಸ ಹುಡುಕುವುದೂ ಸಿಕ್ಕ ಕೆಲಸ ಉಳಿಸಿಕೊಳ್ಳುವುದೂ ಕಷ್ಟವಾಗಿತ್ತು ಎಂದಿತು.

ಮೂರು ವರ್ಷದ ನಂತರ ಜಾನ್ ಕೇನ್ ಎಂಬ ಅರ್ಥಶಾಸ್ತ್ರಜ್ಞ ಷಿಕಾಗೊ ಮತ್ತು ಡೆಟ್ರಾಯಿಟ್ ನಗರಗಳ ಲೆಕ್ಕ ಹಿಡಿದು ಇದನ್ನೇ ವಾದವಾಗಿ ಕಟ್ಟಿದರು. ಕಪ್ಪು ಜನರಿಗೆ ಮನೆ ಸಿಗುವುದು ನಗರದ ನಡುವಿನ ಕೆಲವೇ ಕೇರಿಗಳಲ್ಲಿ. ಫ್ಯಾಕ್ಟರಿಗಳು ಹೊರವಲಯಕ್ಕೆ ಹೊರಟಿದ್ದವು. ಕೆಲಸ ಒಂದು ಕಡೆ, ಕೆಲಸ ಬೇಕಾದವರು ಇನ್ನೊಂದು ಕಡೆ. ನಮ್ಮಲ್ಲಿ ಚಿತ್ರ ತಿರುಗುಮುರುಗಾಗಿದೆ. ಕೊಳೆಗೇರಿ ಎಬ್ಬಿಸಿದಾಗ ಬದಲಿ ಮನೆ ಸಿಗುವುದು ಊರಾಚೆ. ಮನೆಗೆಲಸ, ಕಟ್ಟಡದ ಕೆಲಸ, ಹೂ ಮಾರಾಟ ಎಲ್ಲಾ ಊರೊಳಗೆ. ಮನೆ ಸಿಕ್ಕಿತು ಎಂದು ಸರ್ಕಾರ ಬರೆದುಕೊಳ್ಳುತ್ತದೆ. ಕೆಲಸ ಹೋಯಿತು ಎಂದು ಯಾರೂ ಬರೆದುಕೊಳ್ಳುವುದಿಲ್ಲ.

ಇದನ್ನೆಲ್ಲ ನೀತಿಯ ಮಟ್ಟಕ್ಕೆ ತಂದದ್ದು ಬ್ರಿಟನ್. ಸಮಾಜದಿಂದ ಹೊರಗುಳಿದವರ ಸಮಸ್ಯೆ ನೋಡಲು ಅಲ್ಲಿನ ಸರ್ಕಾರ ಮಾಡಿದ್ದ ಸೋಷಿಯಲ್ ಎಕ್ಸ್‌ಕ್ಲೂಷನ್ ಯೂನಿಟ್ 2003ರಲ್ಲಿ ಒಂದು ವರದಿ ಕೊಟ್ಟಿತು. ಕೆಲಸ ಹುಡುಕುತ್ತಿರುವ ಐವರಲ್ಲಿ ಇಬ್ಬರು ತಮಗೆ ಸಾರಿಗೆಯೇ ಅಡ್ಡಿ ಎಂದಿದ್ದರು. ಸಾರಿಗೆ ಸಮಸ್ಯೆಯಿಂದ ಒಂದು ವರ್ಷದಲ್ಲಿ 14 ಲಕ್ಷ ಜನ ಆಸ್ಪತ್ರೆಗೆ ಹೋಗುವುದನ್ನು ತಪ್ಪಿಸಿಕೊಂಡಿದ್ದರು ಅಥವಾ ಬೇಡವೆಂದು ಬಿಟ್ಟಿದ್ದರು. ಬ್ರಿಟನ್‌ನಂಥ ಶ್ರೀಮಂತ ದೇಶದ ಕಥೆ ಇದು. ಆಮೇಲೆ ಕ್ಯಾರೆನ್ ಲ್ಯೂಕಸ್ ಅವರಂಥ ಸಂಶೋಧಕರು ಇದಕ್ಕೆ ‘ಸಾರಿಗೆ ಬಡತನ’ ಎಂದು ಹೆಸರು ಕೊಟ್ಟು ಬೆಳೆಸಿದರು.

ಅವರು ಹೇಳುವುದು ಇಷ್ಟು. ಬಡತನ ಒಂದೇ ಇದ್ದರೆ, ಮನೆ ಹತ್ತಿರ ಕೆಲಸ, ಅಂಗಡಿ, ಆಸ್ಪತ್ರೆ ಇದ್ದವರು ಹೇಗೋ ಸಂಭಾಳಿಸುತ್ತಾರೆ. ಬಸ್ ಇಲ್ಲದಿರುವುದು ಒಂದೇ ಇದ್ದರೆ, ಕಾಸಿದ್ದವರು ಕಾರು ತಗೊಳ್ಳುತ್ತಾರೆ. ಎರಡೂ ಒಟ್ಟಿಗೆ ಸೇರಿದಾಗ ಮನುಷ್ಯ ಸಿಕ್ಕಿಬೀಳುತ್ತಾನೆ. ಕೆಲಸಕ್ಕೆ ಹೋಗಲಾಗದೆ ಬಡತನ, ಬಡತನದಿಂದಾಗಿ ಬಸ್ ಇಲ್ಲದ ಕಡೆ ಅಗ್ಗದ ಮನೆ, ಅಲ್ಲಿಂದ ಮತ್ತೆ ಕೆಲಸಕ್ಕೆ ಹೋಗಲಾಗದು. ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ.

ವಸ್ತಿ ಬಸ್ ನಿಂತರೆ

ಈ ಸುಳಿ ಹೇಗೆ ಸುತ್ತುತ್ತದೆ ಎಂದು ತಿಳಿಯಲು ಉತ್ತರ ಕರ್ನಾಟಕದ ಯಾವುದಾದರೂ ಹಳ್ಳಿಯ ವಸ್ತಿ ಬಸ್ ನೋಡಿದರೆ ಸಾಕು. ರಾತ್ರಿ ಕೊನೆಯ ಟ್ರಿಪ್‌ಗೆ ಬರುವ ಬಸ್ ಊರಲ್ಲೇ ತಂಗುತ್ತದೆ. ಡ್ರೈವರ್, ಕಂಡಕ್ಟರ್ ಗುಡಿಯ ಕಟ್ಟೆಯ ಮೇಲೋ ಬಸ್ಸಿನ ಸೀಟಿನ ಮೇಲೋ ಮಲಗಿ, ನಸುಕಿನಲ್ಲಿ ತಾಲ್ಲೂಕು ಕೇಂದ್ರಕ್ಕೆ ಹೊರಡುತ್ತಾರೆ. ಸಂತೆಗೆ ಹೋಗುವ ತರಕಾರಿ ಬುಟ್ಟಿ, ಗಾರೆ ಕೆಲಸದವರ ಊಟದ ಡಬ್ಬಿ, ಪಿಯು ಕಾಲೇಜಿನ ಹುಡುಗಿಯರು, ಸಕ್ಕರೆ ಕಾಯಿಲೆ ತೋರಿಸಲು ಹೊರಟ ಅಜ್ಜಿ, ಎಲ್ಲರಿಗೂ ಅದೊಂದೇ ಬಸ್.

ಡಿಪೊದಲ್ಲಿ ಡ್ರೈವರ್ ಕಡಿಮೆ ಬಿದ್ದರು, ಆ ಶೆಡ್ಯೂಲ್ ರದ್ದಾಯಿತು ಎಂದಿಟ್ಟುಕೊಳ್ಳಿ. ಮುಂದಿನ ಬಸ್ ಒಂಬತ್ತೂವರೆಗೆ. ತರಕಾರಿ ಬುಟ್ಟಿ ಸಂತೆ ಮುಟ್ಟುವ ಹೊತ್ತಿಗೆ ಒಳ್ಳೆಯ ಬೆಲೆ ಮುಗಿದಿರುತ್ತದೆ. ಗಾರೆ ಕೆಲಸದವರನ್ನು ಮೇಸ್ತ್ರಿ ಬೆಳಿಗ್ಗೆ ಏಳಕ್ಕೇ ಆರಿಸಿಕೊಂಡು ಹೋಗಿರುತ್ತಾನೆ, ಆವತ್ತಿನ ಕೂಲಿ ಖೋತಾ. ಆಸ್ಪತ್ರೆಯಲ್ಲಿ ಚೀಟಿ ಕೌಂಟರ್ ಮುಚ್ಚುವ ಹೊತ್ತಾಗಿರುತ್ತದೆ. ಗಂಡಸರು ಹೇಗೋ ಯಾರದೋ ಬೈಕಿನ ಹಿಂದೆ ಕೂತು ಹೋಗುತ್ತಾರೆ, ಇಲ್ಲಾ ಟಂಟಂನಲ್ಲಿ ನೇತಾಡಿಕೊಂಡು ಹೋಗುತ್ತಾರೆ. ಹುಡುಗಿಯರನ್ನು ಹಾಗೆ ಕಳಿಸಲು ಮನೆಯವರು ಒಪ್ಪುವುದಿಲ್ಲ. ನಾಲ್ಕು ದಿನ ಕಾಲೇಜು ತಪ್ಪುತ್ತದೆ, ಹಾಜರಾತಿ ಕಡಿಮೆಯಾಗುತ್ತದೆ, ಸಾಕು ಬಿಡು ಎನ್ನುವ ಮಾತು ಬರುತ್ತದೆ. ಒಂದು ಶೆಡ್ಯೂಲ್ ರದ್ದತಿ ಎರಡು ವರ್ಷದಲ್ಲಿ ಒಂದು ಮದುವೆಯಾಗಿ ಮುಗಿಯುತ್ತದೆ. ಸಾರಿಗೆ ನಿಗಮದ ಕಡತದಲ್ಲಿ ಮಾತ್ರ ಅದು ಉಳಿತಾಯದ ಕಾಲಂನಲ್ಲಿ ಕೂತಿರುತ್ತದೆ.

ಹೆಣ್ಣುಮಕ್ಕಳ ಓದಿಗೂ ದಾರಿಗೂ ಇರುವ ಈ ಸಂಬಂಧ ಬರೀ ಊಹೆಯಲ್ಲ. ಬಿಹಾರದಲ್ಲಿ 2006ರಿಂದ ಹೈಸ್ಕೂಲ್ ಸೇರುವ ಹುಡುಗಿಯರಿಗೆ ಸೈಕಲ್‌ಗೆ ಹಣ ಕೊಟ್ಟರು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅಳೆದು ನೋಡಿದಾಗ ಹೈಸ್ಕೂಲ್ ದಾಖಲಾತಿ ಸುಮಾರು ಮೂರನೇ ಒಂದು ಭಾಗ ಏರಿತ್ತು. ಶಾಲೆ ದೂರವಿದ್ದ ಹಳ್ಳಿಗಳಲ್ಲಿ ಲಾಭ ಜಾಸ್ತಿ. ಕರ್ನಾಟಕವೂ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತ್ತು. ಆಮೇಲೆ ಅದು ನಿಂತುಹೋಯಿತು.

ದೆಹಲಿಯ ಅಧ್ಯಯನವೊಂದು ಇನ್ನೂ ಕುಟುಕುತ್ತದೆ. ಗಿರಿಜಾ ಬೋರ್ಕರ್ ಎಂಬ ಸಂಶೋಧಕಿ ದೆಹಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ನೋಡಿದರು. ದಾರಿಯಲ್ಲಿ ಕಿರುಕುಳ ಕಡಿಮೆ ಎನ್ನುವ ಒಂದೇ ಕಾರಣಕ್ಕೆ ಹುಡುಗಿಯರು ಒಳ್ಳೆಯ ಕಾಲೇಜು ಬಿಟ್ಟು ಅದಕ್ಕಿಂತ ಕೆಳಮಟ್ಟದ ಕಾಲೇಜು ಆರಿಸಿಕೊಳ್ಳುತ್ತಿದ್ದರು. ಮಾರ್ಕ್ಸ್ ಇತ್ತು, ಸೀಟು ಇತ್ತು, ದಾರಿ ಇರಲಿಲ್ಲ.

25 ರೂಪಾಯಿಯ ತೂಕ

ಈಗ ಶಕ್ತಿಗೆ ಬರೋಣ. 2023ರ ಜೂನ್ 11ರಂದು ಶುರುವಾದ ಯೋಜನೆ. ನಾಲ್ಕೂ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್‌ಗಳಲ್ಲಿ ರಾಜ್ಯದ ಮಹಿಳೆಯರಿಗೆ, ಲೈಂಗಿಕ ಅಲ್ಪಸಂಖ್ಯಾತರಿಗೆ ಟಿಕೆಟ್‌ಗೆ ದುಡ್ಡಿಲ್ಲ. ಕಂಡಕ್ಟರ್ ಮೆಷಿನ್ ಒತ್ತಿ ಶೂನ್ಯ ಟಿಕೆಟ್ ಕೊಡುತ್ತಾರೆ. ಆ ಟಿಕೆಟ್‌ಗಳ ಬೆಲೆ ಕೂಡಿಸಿ ಸರ್ಕಾರ ನಿಗಮಕ್ಕೆ ಕೊಡಬೇಕು.

500 ಕೋಟಿ ಪ್ರಯಾಣದ ಒಟ್ಟು ಬೆಲೆ ಸುಮಾರು 12,600 ಕೋಟಿ ರೂಪಾಯಿ. ಭಾಗಿಸಿದರೆ ಒಂದು ಪ್ರಯಾಣಕ್ಕೆ 25 ರೂಪಾಯಿ. ಇದೇನು ಮಹಾ ಅನ್ನಿಸಬಹುದು. ಹೋಗಿ ಬರಲು 50, ತಿಂಗಳಿಗೆ 26 ದಿನ ದುಡಿದರೆ 1,300. ತಮಿಳುನಾಡಿನಲ್ಲಿ 2021ರ ಮೇ ತಿಂಗಳಿಂದ ಇಂಥದ್ದೇ ಯೋಜನೆ ಇದೆ. ಅಲ್ಲಿನ ರಾಜ್ಯ ಯೋಜನಾ ಆಯೋಗ ಲೆಕ್ಕ ಹಾಕಿದಾಗ ಒಬ್ಬ ಮಹಿಳೆಗೆ ತಿಂಗಳಿಗೆ ಸರಾಸರಿ 888 ರೂಪಾಯಿ ಉಳಿದಿತ್ತು. ಮನೆಗೆಲಸ ಮಾಡಿ ತಿಂಗಳಿಗೆ ಎಂಟು ಹತ್ತು ಸಾವಿರ ತರುವವರ ಮನೆಯಲ್ಲಿ ಅದು ಗ್ಯಾಸ್ ಸಿಲಿಂಡರ್, ಅದು ಮಕ್ಕಳ ಟ್ಯೂಷನ್.

ಉಳಿತಾಯಕ್ಕಿಂತ ಮುಖ್ಯವಾದದ್ದು ಕೆಲಸದ ವ್ಯಾಪ್ತಿ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಕೆಲಸಕ್ಕೆ ನಡೆದು ಹೋಗುವವರು ಮಹಿಳೆಯರಲ್ಲಿ ಶೇ 45, ಗಂಡಸರಲ್ಲಿ ಶೇ 27. ನಡೆದು ಹೋಗಬೇಕೆಂದರೆ ನಡೆಯುವಷ್ಟು ದೂರದಲ್ಲೇ ಕೆಲಸ ಹುಡುಕಬೇಕು. ಅಲ್ಲಿ ಸಂಬಳ ಎಷ್ಟಿದ್ದರೆ ಅಷ್ಟೇ. ಬಸ್ ಫ್ರೀ ಆದರೆ ಎಂಟು ಕಿಲೋಮೀಟರ್ ಆಚೆಯ ಅಪಾರ್ಟ್‌ಮೆಂಟಿನಲ್ಲಿ ಎರಡು ಸಾವಿರ ಜಾಸ್ತಿ ಕೊಡುತ್ತಾರಂತೆ ಎಂದು ಕೇಳಿ ಹೋಗಿ ನೋಡಬಹುದು. ಹತ್ತಿರದ ಮಾಲೀಕರಿಗೂ ಗೊತ್ತಾಗುತ್ತದೆ, ಈಕೆಗೆ ಬೇರೆ ದಾರಿ ಇದೆ ಅಂತ.

‘ಸುಮ್ನೆ ದೇವಸ್ಥಾನ ಸುತ್ತುತ್ತಾರೆ’ ಎನ್ನುವ ಕೊಂಕು ಯೋಜನೆ ಶುರುವಾದ ವಾರದಿಂದಲೂ ಇದೆ. ಧರ್ಮಸ್ಥಳದ ಬಸ್‌ಗಳು ತುಂಬಿ ತುಳುಕಿದ್ದು ನಿಜ. ಆದರೆ ಇದರಲ್ಲಿ ತಪ್ಪೇನು ಎಂದು ಸಂಶೋಧನೆ ವಾಪಸ್ ಕೇಳುತ್ತದೆ. ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದ ತಂಡ ಇದನ್ನು ಹಣದಲ್ಲೇ ಅಳೆಯಲು ಹೋಗಿತ್ತು. ಮನೆಯಲ್ಲೇ ಉಳಿದುಬಿಟ್ಟ ವ್ಯಕ್ತಿಗೆ ಹೆಚ್ಚುವರಿ ಒಂದು ಓಡಾಟ, ಅದು ಕೆಲಸಕ್ಕಿರಲಿ ನೆಂಟರ ಮನೆಗಿರಲಿ, ಸುಮಾರು 20 ಆಸ್ಟ್ರೇಲಿಯನ್ ಡಾಲರ್ ಬೆಲೆ ಬಾಳುತ್ತದೆ ಎಂದಿತು. ಆದಾಯ ಕಡಿಮೆ ಇದ್ದಷ್ಟೂ ಈ ಬೆಲೆ ಜಾಸ್ತಿ. ತವರಿಗೆ ಹೋಗಿ ತಾಯಿಯನ್ನು ನೋಡಿ ಬರುವುದು, ನಾಲ್ಕು ಜನರೊಂದಿಗೆ ಬೆರೆಯುವುದು, ಎಲ್ಲಿ ಕೆಲಸವಿದೆ ಎಂದು ಕಿವಿಗೆ ಬೀಳುವುದು, ಇವೆಲ್ಲ ಬೇರೆ ಬೇರೆ ಸಂಗತಿಗಳಲ್ಲ. ಗಂಡಸರು ಸಂಜೆ ಊರಕಟ್ಟೆಗೆ ಹೋಗುವುದನ್ನು ಯಾರೂ ದಂಡದ ಓಡಾಟ ಅನ್ನುವುದಿಲ್ಲ, ಅಲ್ವಾ?

ಯೋಜನೆ ತಲುಪದ ಕಡೆ

ಕರಾವಳಿ ಮತ್ತು ಮಲೆನಾಡಿನಲ್ಲಿ ಶಕ್ತಿಯ ಸುದ್ದಿ ಬಂದಷ್ಟು ಬೇಗ ಬಸ್ ಬರಲಿಲ್ಲ. ಉಡುಪಿ, ದಕ್ಷಿಣ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರಿನ ಅನೇಕ ರೂಟ್‌ಗಳಲ್ಲಿ ಮೊದಲಿನಿಂದಲೂ ಓಡುವುದು ಖಾಸಗಿ ಬಸ್. ಅಲ್ಲಿ ಶಕ್ತಿ ಇಲ್ಲ. ಮಂಗಳೂರಿನ ಸಿಟಿ ಬಸ್ಸಿನಲ್ಲಿ ಬೀಡಿ ಕಟ್ಟುವ ಹೆಂಗಸು ದುಡ್ಡು ಕೊಟ್ಟೇ ಹೋಗಬೇಕು. ಕೊಪ್ಪದಲ್ಲಿ ಕಾರ್ಮಿಕರೇ ಕಟ್ಟಿ 1991ರಿಂದ ನಡೆಸಿದ ಸಹಕಾರ ಸಾರಿಗೆ 2020ರಲ್ಲಿ ನಿಂತಿತು. ಅದು ಓಡುತ್ತಿದ್ದ ಘಟ್ಟದ ದಾರಿಗಳಲ್ಲಿ ‘ಉಚಿತ’ ಎನ್ನುವ ಮಾತಿಗಿಂತ ಮೊದಲು ‘ಬಸ್’ ಎನ್ನುವ ಮಾತು ಬರಬೇಕು.

ಇನ್ನೊಂದು ಗುಂಪನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಒಡಿಶಾ, ಜಾರ್ಖಂಡ್, ಅಸ್ಸಾಂನಿಂದ ಬಂದ ಹುಡುಗಿಯರು ಸಾವಿರಾರು. ಬೊಮ್ಮನಹಳ್ಳಿಯಲ್ಲಿ ಶಿಫ್ಟ್ ಬಿಡುವ ಹೊತ್ತಿಗೆ ನಿಂತು ನೋಡಿದರೆ ಗೊತ್ತಾಗುತ್ತದೆ. ಒಂದೇ ಬಸ್ಸಿಗೆ ಒಟ್ಟಿಗೆ ಹತ್ತಿದ ಇಬ್ಬರು ಗೆಳತಿಯರಲ್ಲಿ ಮಂಡ್ಯದವಳು ಆಧಾರ್ ತೋರಿಸಿ ಶೂನ್ಯ ಟಿಕೆಟ್ ಪಡೆಯುತ್ತಾಳೆ. ಒಡಿಶಾದವಳು ಪರ್ಸ್ ತೆಗೆಯುತ್ತಾಳೆ. ಫ್ಯಾಕ್ಟರಿಯಲ್ಲಿ ಅದೇ ಲೈನ್, ಅದೇ ಮೆಷಿನ್, ಅದೇ ಸಂಬಳ. ಇಬ್ಬರಲ್ಲಿ ಬಾಡಿಗೆ ಕೊಟ್ಟು ಊರಿಗೂ ಹಣ ಕಳಿಸಬೇಕಾದವಳಿಗೇ ಟಿಕೆಟ್. ರಾಜ್ಯದ ದುಡ್ಡು ರಾಜ್ಯದವರಿಗೆ ಎನ್ನುವ ವಾದ ಅರ್ಥವಾಗುವಂಥದ್ದೇ. ಆದರೆ ತಮಿಳುನಾಡಿನ ಟೌನ್ ಬಸ್ಸಿನಲ್ಲಿ ವಿಳಾಸ ಕೇಳುವುದಿಲ್ಲ ಎನ್ನುವುದೂ ಗೊತ್ತಿರಲಿ.

ಬಸ್ ಇರುವ ಕಡೆಯೂ ಜಾಗ ಇರಬೇಕಲ್ಲ. ನಿಗಮಗಳ ಬಸ್ ಹತ್ತುವವರು ದಿನಕ್ಕೆ 80 ಚಿಲ್ಲರೆ ಲಕ್ಷದಿಂದ ಒಂದು ಕೋಟಿ ದಾಟಿದರು. ಬಸ್‌ಗಳು ಅದೇ ವೇಗದಲ್ಲಿ ಏರಲಿಲ್ಲ. ಬಸ್ ನಿಲ್ಲಿಸದೆ ಹೋದರು ಎಂದು ವಿದ್ಯಾರ್ಥಿಗಳು ರಸ್ತೆಗೆ ಕೂತ ಸುದ್ದಿ ಜಿಲ್ಲಾ ಪುಟಗಳಲ್ಲಿ ಪದೇ ಪದೇ ಬರುತ್ತದೆ. ನೂಕುನುಗ್ಗಲಿನಲ್ಲಿ ಮೊದಲು ಹಿಂದೆ ಉಳಿಯುವವರು ವಯಸ್ಸಾದವರು, ಬಸುರಿಯರು, ಊರುಗೋಲು ಹಿಡಿದವರು. ಇವರಿಗೆ ಬೇಕೆಂದೇ ಮಾಡಿದ ಯೋಜನೆ ಇವರನ್ನೇ ನಿಲ್ದಾಣದಲ್ಲಿ ಬಿಟ್ಟು ಹೋಗುವ ಹಾಗಾಗುತ್ತದೆ.

ಬೇಡ ಎನ್ನುವವರ ವಾದ

ವಿರೋಧಿಸುವವರೆಲ್ಲ ಹೊಟ್ಟೆಕಿಚ್ಚಿನಿಂದ ಮಾತಾಡುತ್ತಿಲ್ಲ. ಅವರಲ್ಲಿ ಮೂರು ತರಹದವರಿದ್ದಾರೆ.

ಖಾಸಗಿ ಬಸ್, ಆಟೊ, ಮ್ಯಾಕ್ಸಿಕ್ಯಾಬ್‌ನವರು ನಮ್ಮ ಪ್ರಯಾಣಿಕರು ಹೋದರು ಎಂದು 2023ರ ಸೆಪ್ಟೆಂಬರ್ 11ರಂದು ಬೆಂಗಳೂರು ಬಂದ್ ಮಾಡಿದರು. ಸಾಲ ಮಾಡಿ ಆಟೊ ತಗೊಂಡವರೂ ಬಡವರೇ. ಅವರ ನಷ್ಟಕ್ಕೆ ಯಾವ ಲೆಕ್ಕದಲ್ಲೂ ಕಾಲಂ ಇಲ್ಲ.

ಎರಡನೆಯದು ಮೆಟ್ರೊದ ವಾದ. ಬಸ್ ಫ್ರೀ ಮಾಡಿದರೆ ಮೆಟ್ರೊಗೆ ಯಾರು ಬರುತ್ತಾರೆ ಎಂದು ಪ್ರಧಾನಿ ಮೋದಿ 2024ರ ಮೇ ತಿಂಗಳ ಸಂದರ್ಶನವೊಂದರಲ್ಲಿ ಕೇಳಿದ್ದರು. ಹೈದರಾಬಾದ್ ಮೆಟ್ರೊ ನಡೆಸುತ್ತಿದ್ದ ಎಲ್ ಅಂಡ್ ಟಿ ಕೂಡ ತೆಲಂಗಾಣದ ಉಚಿತ ಬಸ್ ಯೋಜನೆಯತ್ತ ಬೆರಳು ತೋರಿಸಿತ್ತು. ಇದರಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಬೆಂಗಳೂರಿನಲ್ಲಿ ಮೆಟ್ರೊ ಪ್ರಯಾಣಿಕರ ಸಂಖ್ಯೆ ಎದ್ದು ಕಾಣುವ ಹಾಗೆ ಕುಸಿದದ್ದು ಶಕ್ತಿ ಶುರುವಾದಾಗ ಅಲ್ಲ, 2025ರ ದರ ಏರಿಕೆಯ ನಂತರ. ದೆಹಲಿಯಲ್ಲೂ 2017ರ ದರ ಏರಿಕೆಯ ಮೇಲೆ ಹೀಗೇ ಆಗಿತ್ತು.

ಮೂರನೆಯ ವಾದವೇ ಗಟ್ಟಿ. ಅದು ಸಂಶೋಧಕರೊಳಗಿಂದಲೇ ಬಂದದ್ದು. ಎಸ್ಟೋನಿಯಾದ ರಾಜಧಾನಿ ತಾಲಿನ್‌ನಲ್ಲಿ 2013ರಿಂದ ನಗರದ ನಿವಾಸಿಗಳಿಗೆ ಬಸ್, ಟ್ರಾಮ್ ಉಚಿತ. ಅಳೆದು ನೋಡಿದರೆ ಕಾರು ಬಿಟ್ಟು ಬಂದವರು ಕಡಿಮೆ, ನಡೆದು ಹೋಗುತ್ತಿದ್ದವರೇ ಬಸ್ ಹತ್ತಿದ್ದರು. ಚಿಲಿಯ ಸ್ಯಾಂಟಿಯಾಗೊದಲ್ಲಿ ಕೆಲವರಿಗೆ ಉಚಿತ ಪಾಸ್ ಕೊಟ್ಟು ಪ್ರಯೋಗ ಮಾಡಿದಾಗ ಹೆಚ್ಚಿದ್ದು ಬಿಡುವಿನ ಹೊತ್ತಿನ ಓಡಾಟ, ಕೆಲಸದ್ದಲ್ಲ. ಹಾಗಾಗಿ ಟಿಕೆಟ್‌ಗೆ ಸುರಿಯುವ ಹಣವನ್ನು ಹೆಚ್ಚು ಬಸ್‌ಗಳಿಗೆ ಹಾಕಿದರೆ ಬಡವರಿಗೇ ಲಾಭ ಎನ್ನುವುದು ಇವರ ವಾದ.

ತಾಲಿನ್‌ನ ಪಾಠ ಇಲ್ಲಿಗೆ ಇದ್ದ ಹಾಗೇ ಹೊಂದುವುದಿಲ್ಲ. ಅಲ್ಲಿ ನಡಿಗೆ ಬಿಟ್ಟು ಬಸ್ ಹತ್ತಿದರೆ ಯೋಜನೆ ಸೋತಂತೆ. ಇಲ್ಲಿ ತಲೆಯ ಮೇಲೆ ಹೊರೆ ಹೊತ್ತು ನಾಲ್ಕು ಕಿಲೋಮೀಟರ್ ನಡೆಯುತ್ತಿದ್ದವಳು ಬಸ್ ಹತ್ತಿದರೆ ಯೋಜನೆ ಗೆದ್ದಂತೆ. ಉಳಿದ ಒಂದು ಗಂಟೆ ಅವಳದ್ದು. ಆದರೆ ಬಸ್ ಮೊದಲು, ಫ್ರೀ ಆಮೇಲೆ ಎನ್ನುವ ಮಾತನ್ನು ತಳ್ಳಿಹಾಕುವುದು ಕಷ್ಟ. ನಮ್ಮಲ್ಲಿ ಕ್ರಮ ಉಲ್ಟಾ ಆಯಿತು.

ಲೆಕ್ಕ ಎಲ್ಲಿ ತಪ್ಪುತ್ತಿದೆ

12,600 ಕೋಟಿಯನ್ನು 25 ತಿಂಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 500 ಕೋಟಿ, ವರ್ಷಕ್ಕೆ 6,000 ಕೋಟಿ. 2025-26ರ ಬಜೆಟ್‌ನಲ್ಲಿ ಶಕ್ತಿಗೆ ಇಟ್ಟದ್ದು 5,300 ಕೋಟಿ. ದರ ಶೇ 15 ಏರಿದ ಮೇಲೆ ಶೂನ್ಯ ಟಿಕೆಟ್‌ನ ಬೆಲೆಯೂ ಏರಿದೆ, ಹಾಗಾಗಿ ಕೊರತೆ ಇನ್ನೂ ದೊಡ್ಡದು. ಆ ಕೊರತೆಯನ್ನು ಯಾರೋ ಒಬ್ಬರು ಹೊರಲೇಬೇಕು. ಸರ್ಕಾರ ಹೊರದಿದ್ದರೆ ನಿಗಮ. ನಿಗಮದ ಕೈಯಲ್ಲಿ ದುಡ್ಡಿಲ್ಲದೆ ಭವಿಷ್ಯನಿಧಿ, ಡೀಸೆಲ್ ಬಾಕಿ ತೀರಿಸಲು 2,000 ಕೋಟಿ ಸಾಲ ಎತ್ತಬೇಕಾಯಿತು. ಅದೂ ಸಾಲದೆ ಹೋದಾಗ ಹೊರುವುದು ನೌಕರ. ಆಗಸ್ಟ್ 5ರ ಮುಷ್ಕರದ ಬೇಡಿಕೆಯಲ್ಲಿದ್ದ ಹಿಂಬಾಕಿ 2020ರಿಂದಲೇ ಎಣಿಕೆಯಾಗುವಂಥದ್ದು, ಶಕ್ತಿಗಿಂತ ಹಳೆಯದು. ಹಾಗಾಗಿ ಎಲ್ಲವನ್ನೂ ಉಚಿತ ಟಿಕೆಟ್‌ನ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಕೈಯಲ್ಲಿ ಕಾಸಿಲ್ಲದ ನಿಗಮ ಹಳೆ ಬಾಕಿ ತೀರಿಸುವುದಾದರೂ ಹೇಗೆ? ನೌಕರರ ನೇಮಕ ತಡವಾದರೆ ಶೆಡ್ಯೂಲ್ ರದ್ದಾಗುತ್ತದೆ. ಅಲ್ಲಿಂದ ಮತ್ತೆ ವಸ್ತಿ ಬಸ್ಸಿನ ಕಥೆ.

ಮೆಟ್ರೊ ಕಡೆಯ ಲೆಕ್ಕ ಸರಳ. ಒಂದು ಕಡೆಗೆ 60 ರೂಪಾಯಿ ಟಿಕೆಟ್ ಎಂದುಕೊಳ್ಳಿ. ಸ್ಮಾರ್ಟ್ ಕಾರ್ಡ್‌ನ ಶೇ 5 ರಿಯಾಯಿತಿ ಕಳೆದರೆ 57. ಹೋಗಿ ಬರಲು 114, ತಿಂಗಳಿಗೆ 26 ದಿನ 2,964. ಸಂಬಳ 15,000 ಇದ್ದವರಿಗೆ ಐದರಲ್ಲೊಂದು ಪಾಲು ಇಲ್ಲೇ ಹೋಯಿತು. ನಿಲ್ದಾಣದಿಂದ ಮನೆಗೆ ಆಟೊ ಬೇರೆ. ಆದಾಯದ ಶೇ 10ರಿಂದ 15 ದಾಟಿದರೆ ಕೈಗೆಟುಕದು ಎಂದು ಅನೇಕ ಅಧ್ಯಯನಗಳು ಗೆರೆ ಎಳೆಯುತ್ತವೆ. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಪಟ್ಟಿಯ ಮೇಲೆಯೇ ಹಳದಿ ಮಾರ್ಗ ಹಾದುಹೋಗುತ್ತದೆ. ಶುರುವಿನಲ್ಲಿ ಮೂರೇ ರೈಲು, 25 ನಿಮಿಷಕ್ಕೊಂದು. ಕೆಳಗೆ ಫ್ಯಾಕ್ಟರಿ ಗೇಟಿನಿಂದ ಹೊರಬಿದ್ದವರು ಮೆಟ್ರೊ ಕಂಬದ ನೆರಳಿನಲ್ಲಿ ನಡೆದೋ ಬಸ್ಸಿಗೆ ಕಾದೋ ಹೋಗುತ್ತಾರೆ.

ಈ ಸಂಬಳದ ಗಂಡಸು ಏನು ಮಾಡುತ್ತಾನೆ? ಬಿಎಂಟಿಸಿ ತಿಂಗಳ ಪಾಸ್ 1,200 ರೂಪಾಯಿ. ಆದರೆ ಬಸ್ ನಂಬಿ ಹೊರಟರೆ ತಲುಪುವ ಹೊತ್ತಿಗೆ ಫ್ಯಾಕ್ಟರಿ ಗೇಟ್ ಮುಚ್ಚಿರುತ್ತದೆ. ಕೊನೆಗೆ ಕಂತಿನಲ್ಲಿ ಒಂದು ಸ್ಕೂಟರ್ ತಗೊಳ್ಳುತ್ತಾನೆ. ಮೆಲ್ಬರ್ನ್‌ನ ಹೊರವಲಯದ ಬಡ ಕುಟುಂಬಗಳು ಬಸ್ ಇಲ್ಲದ್ದಕ್ಕೆ ಊಟದ ದುಡ್ಡು ಹಿಡಿದು ಎರಡೆರಡು ಕಾರು ಸಾಕುವುದನ್ನು ಗ್ರಹಾಂ ಕರಿ ಎಂಬ ಸಂಶೋಧಕ ದಾಖಲಿಸಿದ್ದರು. ಬೇಡದೆಯೂ ವಾಹನ ಕೊಳ್ಳಬೇಕಾದ ಸ್ಥಿತಿ ಅದು. ಬೆಂಗಳೂರಿನ ನೋಂದಾಯಿತ ವಾಹನಗಳು ಒಂದು ಕೋಟಿ ದಾಟಿವೆ, ಅದರಲ್ಲಿ ಹೆಚ್ಚಿನವು ದ್ವಿಚಕ್ರ. ಅದನ್ನು ನಾವು ಜನರ ಕೈಯಲ್ಲಿ ದುಡ್ಡು ಓಡಾಡುತ್ತಿದೆ ಎಂದು ಓದಿಕೊಳ್ಳುತ್ತೇವೆ. ಒಂದು ಪಾಲು ಬಸ್ಸಿಗೆ ಕಾದು ಸೋತವರದ್ದು.

ಇನ್ನು ಮುಂದೆ

ಹೀಗೇ ಬಿಟ್ಟರೆ ಏನಾಗಬಹುದು ಎಂದು ಊಹಿಸುವುದು ಕಷ್ಟವಲ್ಲ. ಮೆಟ್ರೊ ದರವನ್ನು ವರ್ಷವರ್ಷವೂ ತಾನಾಗಿಯೇ ಒಂದಿಷ್ಟು ಏರಿಸುವ ಸೂತ್ರವನ್ನು ದರ ಸಮಿತಿ ಶಿಫಾರಸು ಮಾಡಿದೆ. ಸಂಬಳ ಅದೇ ವೇಗದಲ್ಲಿ ಏರದವರು ಮೆಟ್ರೊದಿಂದ ಬಸ್ಸಿಗೆ ಇಳಿಯುತ್ತಾರೆ. ಅವರಲ್ಲಿ ಮಹಿಳೆಯರ ಟಿಕೆಟ್ ಹಣ ಮತ್ತೆ ಶಕ್ತಿಯ ಬಿಲ್ಲಿಗೇ ಸೇರುತ್ತದೆ. ಅಂದರೆ ಮೆಟ್ರೊ ದರ ಏರಿಸಿ ಒಂದು ಜೇಬಿಗೆ ಬಂದದ್ದು ಇನ್ನೊಂದು ಜೇಬಿನಿಂದ ಸೋರುತ್ತದೆ. ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ನೋಡುವವರು ಸದ್ಯಕ್ಕೆ ಯಾರೂ ಇಲ್ಲ.

ಮಾಹಿತಿಗೆ ಬರವಿಲ್ಲ. ಶೂನ್ಯ ಟಿಕೆಟ್ ಕೊಡುವ ಮೆಷಿನ್‌ನಲ್ಲಿ ಎಲ್ಲಿ ಹತ್ತಿದರು, ಎಲ್ಲಿ ಇಳಿಯುತ್ತಾರೆ, ಎಷ್ಟು ಹೊತ್ತಿಗೆ ಎಂಬುದೆಲ್ಲ ದಾಖಲಾಗುತ್ತದೆ. 500 ಕೋಟಿ ಸಾಲುಗಳ ಇಷ್ಟು ದೊಡ್ಡ ದಾಖಲೆಯನ್ನು ಇದುವರೆಗೆ ಮುಖ್ಯವಾಗಿ ಬಳಸಿದ್ದು ನಿಗಮಕ್ಕೆ ಎಷ್ಟು ಹಣ ಬರಬೇಕು ಎಂದು ಕೂಡಿಸಲು ಮತ್ತು ಜಾಹೀರಾತಿಗೆ. ಬೆಳಿಗ್ಗೆ ಆರರ ಬಸ್ ಯಾವ ಹಳ್ಳಿಯಿಂದ ತುಂಬಿ ಬರುತ್ತದೆ, ಯಾವ ಊರಿನಿಂದ ಒಂದೇ ಒಂದು ಟಿಕೆಟ್ ಕೂಡ ಇಲ್ಲ ಎಂದು ಅದರಿಂದಲೇ ತೆಗೆಯಬಹುದು. ಟಿಕೆಟ್ಟೇ ಇಲ್ಲದ ಊರುಗಳ ಪಟ್ಟಿ ಮಾಡಿ ಅಲ್ಲಿಗೆ ಹೋಗಿ ಕೇಳಿದರೆ ಅರ್ಧ ಕೆಲಸ ಆದ ಹಾಗೆ.

ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಬೆಂಗಳೂರಿಗೆ 4,500 ಎಲೆಕ್ಟ್ರಿಕ್ ಬಸ್ ಮಂಜೂರಾಗಿವೆ. ಬಸ್ ಮತ್ತು ಡ್ರೈವರ್ ಖಾಸಗಿ ಕಂಪನಿಯವರದ್ದು, ಕಂಡಕ್ಟರ್ ನಿಗಮದವರು, ಹಣ ಕೊಡುವುದು ಕಿಲೋಮೀಟರ್ ಲೆಕ್ಕದಲ್ಲಿ. ಓಡಿದಷ್ಟು ದುಡ್ಡು, ತುಂಬಿದಷ್ಟಲ್ಲ. ಹಾಗಾಗಿ ಯಾವ ಬಸ್ ಎಲ್ಲಿಂದ ಎಷ್ಟು ಹೊತ್ತಿಗೆ ಹೊರಡಬೇಕು ಎನ್ನುವುದು ಪೂರ್ತಿ ನಿಗಮದ ಕೈಯಲ್ಲಿ ಉಳಿಯುತ್ತದೆ. ಚಾರ್ಜಿಂಗ್ ಡಿಪೊ ಎಲ್ಲಿ ಕಟ್ಟುತ್ತಾರೆ, ಮೊದಲ ಶೆಡ್ಯೂಲ್ ಐದೂವರೆಗಾ ಏಳೂವರೆಗಾ, ಊರಾಚೆಯ ಬದಲಿ ಮನೆಗಳ ಬಡಾವಣೆಗೆ ಎಷ್ಟು ಟ್ರಿಪ್, ಇವು ಟೆಂಡರ್ ಪತ್ರದಲ್ಲೂ ಡಿಪೊ ಮ್ಯಾನೇಜರ್ ಮೇಜಿನ ಮೇಲೂ ತೀರ್ಮಾನವಾಗುವ ಸಂಗತಿಗಳು. ಅಲ್ಲಿಗೆ ಕ್ಯಾಮೆರಾ ಹೋಗುವುದಿಲ್ಲ.